ಒಂದೂವರೆ ವರ್ಷದ ಲೆಕ್ಕ

ಗೌರಿಬಿದನೂರಿನ ಕಡೆ ಬೆಳಗಿನ ಜಾವವೇ ಎದ್ದು ಓಡುವ ಹುಡುಗರ ಕಣ್ಣೆಲ್ಲ ಸೇನಾ ಭರ್ತಿಯ 1.6 ಕಿಲೋಮೀಟರ್ ಮೇಲೆ. ಸೇರೋದಕ್ಕೇ ಇಷ್ಟು ನೂಕುನುಗ್ಗಲು. ಅಂಥ ಕಡೆ, ಸೈನ್ಯಕ್ಕೆ ಸೇರಲ್ಲ ಅಂತ ಜೈಲಿಗೆ ಹೋದವರ ಸುದ್ದಿ ತೆಗೆದರೆ 'ಪುಕ್ಕಲರು ಬಿಡಿ' ಅಂತಾರೆ. ನಾನಿರುವ ದಕ್ಷಿಣ ಕೊರಿಯಾದಲ್ಲಿ ನೋಡಿದರೆ ಹಾಗನ್ನಿಸಲ್ಲ. ಪುಕ್ಕಲನಿಗೆ ಸುಲಭದ ದಾರಿಗಳಿವೆ: ಊಟ ಬಿಟ್ಟು ತೂಕ ಇಳಿಸಿ ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾಗುವವರು ಇಲ್ಲೂ ಸಿಕ್ಕಿಬಿದ್ದಿದ್ದಾರೆ. ನಿರಾಕರಿಸುವವನು ಸೇರಲ್ಲ ಅಂತ ಸಹಿ ಹಾಕಿ ಹೇಳುತ್ತಾನೆ.

ಇಲ್ಲಿ ಗಂಡುಮಕ್ಕಳಿಗೆ ಸೇವೆ ಕಡ್ಡಾಯ, ಭೂಸೇನೆಯಾದರೆ 18 ತಿಂಗಳು. ಕರೆಗೆ ಓಗೊಡದಿದ್ದರೆ 3 ವರ್ಷದವರೆಗೆ ಸೆರೆ. ಆದರೂ ಕೋರ್ಟುಗಳು ಬಹುಕಾಲ ಹೆಚ್ಚುಕಮ್ಮಿ ಎಲ್ಲರಿಗೂ ವಿಧಿಸಿದ್ದು ಒಂದೂವರೆ ವರ್ಷ. ಅದಕ್ಕಿಂತ ಕಡಿಮೆ ಕೊಟ್ಟರೆ ಹೊರಬಂದವನಿಗೆ ಮತ್ತೆ ಕರೆಪತ್ರ, ಮತ್ತೆ ನಿರಾಕರಣೆ, ಮತ್ತೆ ಕೇಸು. ಒಂದೂವರೆ ವರ್ಷವಾದರೆ ಸೇನೆಗೆ ಕರೆಯುವುದಿಲ್ಲ. ಅಂದರೆ ಜಾಸ್ತಿ ಶಿಕ್ಷೆಯೇ ದಯೆ!

2018ರ ಜೂನ್ 28ರಂದು ಇಲ್ಲಿನ ಸಂವಿಧಾನ ನ್ಯಾಯಾಲಯ, ಇಂಥವರಿಗೆ ಸೈನ್ಯದ ಬದಲು ಬೇರೆ ಕೆಲಸ, ಅಂದರೆ ಪರ್ಯಾಯ ಸೇವೆ, ಇಲ್ಲದಿರುವುದು ತಪ್ಪು ಎಂದಿತು. 2020ರ ಅಕ್ಟೋಬರಿನಲ್ಲಿ ಮೊದಲ ತಂಡ ಪರ್ಯಾಯ ಸೇವೆಗೆ ಹೋಯಿತು. ಎಲ್ಲಿಗೆ? ಜೈಲಿಗೇ. 36 ತಿಂಗಳು ಅಲ್ಲೇ ವಾಸ, ಅಡುಗೆಮನೆ, ಸ್ವಚ್ಛತೆಯಂಥ ಕೆಲಸ. ಭೂಸೇನೆಯ ಎರಡರಷ್ಟು ಕಾಲ. ಇದನ್ನು ಪರ್ಯಾಯ ಅನ್ನೋದಕ್ಕೆ ನನಗೆ ಬಾಯಿ ಬರಲ್ಲ.

ಅದೂ ಕೇಳಿದವರಿಗೆಲ್ಲ ಸಿಗುವುದಿಲ್ಲ. ಸ್ವಂತ ಹೇಳಿಕೆ, ಬಲ್ಲವರ ಹೇಳಿಕೆಗಳು, ಶಾಲಾ ದಾಖಲೆ ಎಲ್ಲ ಸಮಿತಿಯ ಮುಂದಿಡಬೇಕು. ನಿರಾಕರಿಸುವವರಲ್ಲಿ ಬಹುಪಾಲು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು. ಅವರಿಗೆ ಸಭೆಯ ಪತ್ರವಾದರೂ ಇರುತ್ತದೆ. ಧರ್ಮದ ಹೆಸರೆತ್ತದೆ 'ಕೊಲ್ಲಲಾರೆ' ಅನ್ನುವವನು ಎಡವುವುದು ಇಲ್ಲೇ, ಎದೆಯೊಳಗಿನದಕ್ಕೆ ಯಾವ ಕಾಗದ ತರೋದು? ಕೋರ್ಟಿನಲ್ಲಿದ್ದ ಹಳೆ ಕೇಸುಗಳಲ್ಲಿ ಆರೋಪಿಗಳು ಆನ್‌ಲೈನ್ ಗುಂಡಿನ ಆಟ ಆಡಿದ್ದಾರಾ ಅಂತಲೂ ಪ್ರಾಸಿಕ್ಯೂಟರ್‌ಗಳು ಕೆದಕಿದರು.

ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧ ಮೀರಿ ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಗುಂಡು ಹಾರಿತು. ಸತ್ತವರಲ್ಲಿ ಯಾರ ನಂಬಿಕೆ ಎಷ್ಟು ಗಟ್ಟಿಯಿತ್ತು ಅಂತ ಊರು ಇವತ್ತಿಗೂ ತೂಗಿಲ್ಲ, ಬಂದು ನಿಂತರಲ್ಲ, ಅಷ್ಟೇ. ಕೊರಿಯಾದ ಹುಡುಗನೂ ನಿಂತಿದ್ದಾನೆ, ಒಬ್ಬನೇ.

ನಮಗೇಕೆ ಈ ಚಿಂತೆ ಅನ್ನಬೇಡಿ. ಜೀತವನ್ನು ನಿಷೇಧಿಸುವ ನಮ್ಮ ಸಂವಿಧಾನದ 23ನೇ ವಿಧಿಯ ಎರಡನೇ ಭಾಗವೇ, ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರಲು ಸರ್ಕಾರಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ. ಅಂತಃಸಾಕ್ಷಿಯ ಸ್ವಾತಂತ್ರ್ಯ ಇರುವುದು 25ರಲ್ಲಿ. ಇವೆರಡೂ ಎದುರಾಬದುರಾ ನಿಂತರೆ ಯಾವುದು ಮೇಲು?