ಹೆಗಲು ಮುಟ್ಟಿಕೊಂಡ ಐವರು

ಗಾಂಜಾ ಸೇದಿದ ಹಳೆಯ ಪಾಪಕ್ಕಾಗಿ ಶ್ವೇತಭವನದ ಐವರು ನೌಕರರು 2021ರ ಮಾರ್ಚ್‌ನಲ್ಲಿ ಕೆಲಸ ಕಳೆದುಕೊಂಡ ಸುದ್ದಿಯನ್ನು ತಾವೆಲ್ಲ ಓದಿದ್ದೀರಿ, ಮರೆತೂ ಇದ್ದೀರಿ. ನನಗೆ ಮಾತ್ರ ಅದು ಇಂದಿಗೂ ಜೀರ್ಣವಾಗಿಲ್ಲ. ಹಲವರ ವಿಷಯದಲ್ಲಿ ಬೇರೆ ಕಾರಣಗಳೂ ಇದ್ದವೆಂದು ವಕ್ತಾರೆ ಹೇಳಿದರು, ಅವು ಯಾವುವೆಂದು ಹೇಳಲಿಲ್ಲ. ಗುಟ್ಟು ಕಾಪಾಡುವ ಅರ್ಹತೆ ಆ ಭವನಕ್ಕೆ ಇದ್ದೇ ಇದೆ.

ಸರ್ಕಾರದ ಗುಟ್ಟಿನ ಕಡತ ಮುಟ್ಟಬೇಕಾದವರು ಅಲ್ಲಿ ಎಸ್‌ಎಫ್-86 ಎಂಬ ನೂರಮೂವತ್ತಕ್ಕೂ ಹೆಚ್ಚು ಪುಟಗಳ ಅರ್ಜಿಯನ್ನು ತುಂಬಬೇಕು. ಕಳೆದ 7 ವರ್ಷಗಳಲ್ಲಿ ಮಾದಕ ವಸ್ತು ಮುಟ್ಟಿದ್ದೀರಾ ಎಂಬುದು ಅದರ ಒಂದು ಪ್ರಶ್ನೆ. ಸುಳ್ಳು ಬರೆದರೆ 5 ವರ್ಷಗಳವರೆಗೆ ಸೆರೆವಾಸ. ಸೇದಿದ ತಪ್ಪಿಗೆ ಕಾಲ ಕಳೆದಂತೆ ಮಾಫಿಯುಂಟು, ಮುಚ್ಚಿಟ್ಟ ತಪ್ಪಿಗೆ ಸುಲಭದಲ್ಲಿ ಇಲ್ಲ ಎಂಬುದು ಈ ಅರ್ಜಿಗಳನ್ನು ತೂಗುವ 2017ರ ಮಾರ್ಗಸೂಚಿಯ ತಾತ್ಪರ್ಯ. ಎಷ್ಟು ಉದಾತ್ತವಾದ ನೀತಿ! ನಮ್ಮ ಹರಿಶ್ಚಂದ್ರನಿಗೆ ಹೇಳಿ ಮಾಡಿಸಿದ ಕೆಲಸವೆಂದುಕೊಂಡೆ. ಆದರೆ ಸಾಲದ ಕಾಲಂನಲ್ಲಿ ವಿಶ್ವಾಮಿತ್ರರ ಬಾಕಿ, ಕಸುಬಿನ ಕಾಲಂನಲ್ಲಿ ಸುಡುಗಾಡಿನ ಕಾವಲು, ಹೆಂಡತಿ ಮಕ್ಕಳ ಕಾಲಂನಲ್ಲಿ 'ಮಾರಿದ್ದೇನೆ' ಎಂದು ಆತ ಪ್ರಾಮಾಣಿಕವಾಗಿ ಬರೆದರೆ, ಹಣಕಾಸಿನ ಅಶಿಸ್ತಿನ ನಿಯಮವೊಂದೇ ಸಾಕು, ಅರ್ಜಿ ಹಿಂದಿರುಗಲು.

ಕುಂಬಳಕಾಯಿ ಕಳ್ಳ ಯಾರೆಂದರೆ ಹೆಗಲು ಮುಟ್ಟಿಕೊಂಡವನು ನಮ್ಮಲ್ಲಿ ನಗೆಪಾಟಲಾಗುತ್ತಾನೆ, ಅಲ್ಲಿ ಮನೆಗೆ ಹೋಗುತ್ತಾನೆ. ಐವರನ್ನು ಕಳಿಸಿದ ಅದೇ ಬೈಡನ್ ಆಡಳಿತದಲ್ಲಿ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಕಾಲೇಜಿನ ದಿನಗಳಲ್ಲಿ ಸೇದಿದ್ದನ್ನು 2019ರಲ್ಲಿ ರೇಡಿಯೋದಲ್ಲಿ ನಗುನಗುತ್ತಾ ಒಪ್ಪಿಕೊಂಡಿದ್ದರು. ಅವರಿಗೆ ಅರ್ಜಿಯ ಗೊಡವೆಯಿರಲಿಲ್ಲ. ಚುನಾವಣೆಯಲ್ಲಿ ಗೆದ್ದವರಿಗೆ ಗುಟ್ಟುಗಳು ಪದವಿಯೊಡನೆಯೇ ಬರುತ್ತವೆ. ಇನ್ನು ಬೈಡನ್‌ಗಿಂತ ಹಿಂದೆ ಅಧ್ಯಕ್ಷರಾಗಿದ್ದ ಟ್ರಂಪ್ ಅವರ ಅಳಿಯ ಜ್ಯಾರೆಡ್ ಕುಶ್ನರ್ ಅವರ ಮೊದಲ ಅರ್ಜಿಯಲ್ಲಿ ವಿದೇಶಿ ಅಧಿಕಾರಿಗಳ ಭೇಟಿಯ ಪ್ರಸ್ತಾಪವೇ ಇರಲಿಲ್ಲ. ಅವಸರದಲ್ಲಿ ಹೋಯಿತೆಂದು ತಿದ್ದಿದರು, ಮತ್ತೆ ತಿದ್ದಿದರು, ನೂರಕ್ಕೂ ಹೆಚ್ಚು ಹೆಸರುಗಳು ಸೇರಿದವು, 2018ರಲ್ಲಿ ಗುಟ್ಟಿನ ಕಡತ ಮುಟ್ಟುವ ಕಾಯಂ ಅನುಮತಿಯೂ ದೊರೆಯಿತು. ಅದು ಮಾವನ ಅಪ್ಪಣೆಯೆಂದು ಪತ್ರಿಕೆಗಳು ಬರೆದವು, ಮಾವ ಅಲ್ಲವೆಂದರು. ಅಳಿಯ ಅಲ್ಲ, ಮಗಳ ಗಂಡ.

ನಗುವುದು ಸಾಕೆನಿಸುತ್ತದೆ. ಚಿಕ್ಕ ಹುದ್ದೆಯವನ ಸತ್ಯಕ್ಕೆ ಮತ್ತು ದೊಡ್ಡ ಮನೆಯವನ ಮರೆವಿಗೆ ಬೇರೆ ಬೇರೆ ತಕ್ಕಡಿ ಇಟ್ಟುಕೊಂಡು, ಪ್ರಾಮಾಣಿಕತೆಯನ್ನು ಪರೀಕ್ಷಿಸುತ್ತೇವೆ ಎನ್ನುವುದು ಶುದ್ಧ ನಾಚಿಕೆಗೇಡು. ಐವರು ಮನೆಗೆ ಹೋದ ಅದೇ 2021ರ ಡಿಸೆಂಬರ್‌ನಲ್ಲಿ, ಹಳೆಯ ಗಾಂಜಾ ಸೇವನೆಯೊಂದರಿಂದಲೇ ಅರ್ಹತೆ ತೀರ್ಮಾನವಾಗದೆಂದು ಗುಪ್ತಚರ ನಿರ್ದೇಶಕರು ಸುತ್ತೋಲೆ ಹೊರಡಿಸಿದರು. ಗಾಂಜಾ ಕಂಪನಿಯ ಷೇರು ಕೊಂಡವರ ವಿವೇಚನೆಯನ್ನು ಮಾತ್ರ ಶಂಕಿಸಬಹುದೆಂದೂ ಸೇರಿಸಿದರು. ಮನೆಗೆ ಹೋದ ಐವರಿಗೆ ಸುತ್ತೋಲೆಯ ಪ್ರತಿಯನ್ನು ಯಾರಾದರೂ ಕಳಿಸಿದರೋ ಇಲ್ಲವೋ.

ನ್ಯೂಜೆರ್ಸಿಯಲ್ಲಿರುವ ಸ್ನೇಹಿತನ ಮಗ ಈಗ ಇದೇ ಅರ್ಜಿ ತುಂಬುತ್ತಿದ್ದಾನೆ. ವಿದೇಶದಲ್ಲಿರುವ ಆಪ್ತರ ಪಟ್ಟಿಯಲ್ಲಿ ತುಮಕೂರಿನ ದೊಡ್ಡಮ್ಮನನ್ನು ಸೇರಿಸಬೇಕು, ಆಕೆ ಹುಟ್ಟಿದ ದಿನಾಂಕ ಬೇಕು. ಕೇಳಿದರೆ ಆಕೆ, 'ಬರ ಬಂದಿತ್ತಲ್ಲಪ್ಪ, ಆ ವರ್ಷ' ಎಂದರಂತೆ. ಹುಡುಗ ಗಾಬರಿಯಾಗಿದ್ದಾನೆ. ದಿನಾಂಕ ಖಚಿತವಿಲ್ಲದಿದ್ದರೆ 'ಅಂದಾಜು' ಎಂಬ ಚೌಕಕ್ಕೆ ಗುರುತು ಹಾಕಬಹುದು ಮಗು ಎಂದು ಸಮಾಧಾನ ಹೇಳಿದೆ. ಮೊದಲ ಸಲ ಗಾಂಜಾ ಸೇದಿದ ತಿಂಗಳಿಗೂ ಅಲ್ಲಿ ಅಂಥದೇ ಚೌಕವಿದೆ.