ಒಂದೇ ಕೋಣೆ, ನಾಲ್ಕು ಕ್ಲಾಸು

ನಮ್ಮ ಕಡೆ ಶಾಲೆಯೊಂದಕ್ಕೆ ನೂರು ವರ್ಷ ತುಂಬಿತು ಅಂದ್ರೆ ಸ್ಮರಣ ಸಂಚಿಕೆ ಬರುವುದು ಗ್ಯಾರಂಟಿ. ನುಣುಪು ಕಾಗದ. ಮೊದಲಿಗೆ ಮಂತ್ರಿ, ಶಾಸಕರ ಶುಭಾಶಯ, ಆಮೇಲೆ ಮುಂಬೈ ಹೋಟೆಲಿನವರ ಜಾಹೀರಾತು, ಕೊನೆಗೆ ಜಾಗ ಉಳಿದರೆ ಹಳೆ ವಿದ್ಯಾರ್ಥಿಗಳ ಲೇಖನ. ಅದರಲ್ಲಿ ಶಾಲೆ ದೇಗುಲ, ಮಾಸ್ಟ್ರು ದೇವರು. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಇಡೀ ಪುಸ್ತಕ ಓದಿದರೂ ಮಕ್ಕಳು ನೆಲದಲ್ಲಿ ಕೂರುತ್ತಿದ್ದರೋ ಮಣೆಯ ಮೇಲೋ ಅಂತ ಗೊತ್ತಾಗುವುದಿಲ್ಲ.

ನನಗೆ ಬೇಕಾದ್ದು ಅದೇ. ಉಡುಪಿ, ಕಾರ್ಕಳ, ಕುಂದಾಪುರದ ಒಳನಾಡಿನಲ್ಲಿ ಇದ್ದ ಏಕೋಪಾಧ್ಯಾಯ ಶಾಲೆಗಳ ಫೋಟೋ ತೆಗೆಯಲು ಈಗ ತುಂಬ ಜನ ಓಡಾಡುತ್ತಾರೆ. ಮುರಕಲ್ಲಿನ ಗೋಡೆ, ಪಾಚಿ ಹಿಡಿದ ಹಂಚು, ಚೆಂದವೇ. ಈ ಹಂಚಿಗೂ ಒಂದು ಕತೆ ಇದೆ ಬಿಡಿ, 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಬಂದ ಮಾಲು ಅದು. ಅದಕ್ಕೂ ಮುಂಚೆ, ಎಷ್ಟೋ ಕಡೆ ಅದರ ನಂತರವೂ, ಶಾಲೆಗೆ ಮುಳಿಹುಲ್ಲಿನ ಮಾಡೇ. ಆದರೆ ಗೋಡೆ ಮಾಡು ನೋಡಿದರೆ ಕಟ್ಟಡ ಗೊತ್ತಾದೀತು, ಶಾಲೆ ಗೊತ್ತಾಗುವುದಿಲ್ಲ. ಒಬ್ಬ ಮಾಸ್ಟ್ರು, ಒಂದು ಕೋಣೆ, ನಾಲ್ಕು ಕ್ಲಾಸು. ಇದು ನಡೆಯುತ್ತಿದ್ದದ್ದು ಹೇಗೆ?

ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಒಂದು, ಎರಡನೆಯವರು ಈ ಗೋಡೆಗೆ ಮುಖ, ಮೂರು, ನಾಲ್ಕನೆಯವರು ಆ ಗೋಡೆಗೆ ಮುಖ. ಮಾಸ್ಟ್ರು ಅಲ್ಲಿ ಭಾಗಾಕಾರ ಹೇಳಿಕೊಡುವಾಗ ಇಲ್ಲಿ ನಾಲ್ಕನೆಯ ಕ್ಲಾಸಿನ ಹುಡುಗಿಯೊಬ್ಬಳು ಚಿಕ್ಕವರಿಗೆ ಕಾಗುಣಿತ ತಿದ್ದಿಸುತ್ತಿದ್ದಳು, ಮಾಸ್ಟ್ರಿಗಿಂತ ಜಾಸ್ತಿ ಗದರುತ್ತಿದ್ದಳಂತೆ. ಒಂದನೆಯವರಿಗೆ ನಾಲ್ಕನೆಯವರ ಪದ್ಯಗಳೆಲ್ಲ ಸುಮ್ನೆ ಕೇಳಿಯೇ ಬಾಯಿಪಾಠ. ಸ್ಲೇಟು ಒರೆಸಲು ನೀರುಕಡ್ಡಿ. ಮಳೆಗಾಲದಲ್ಲಿ ಗೋಡೆ ಬುಡದಲ್ಲಿ ಬೆಳೆಯುವ ಗಿಡ ಅದು, ಮುರಿದು ಉಜ್ಜಿದರೆ ನೀರು ಬಿಟ್ಟು ಸ್ಲೇಟು ಕಪ್ಪಗೆ ಹೊಳೆಯುತ್ತದೆ. ಒಂದು ಹಿಡಿ ನೀರುಕಡ್ಡಿಗೆ ಅರ್ಧ ಬಳಪ, ಅದು ಮಾರ್ಕೆಟ್ ರೇಟು! ಬೇಸಿಗೆಯಲ್ಲಿ ಅದು ಒಣಗಿದಾಗ ಏನು ಮಾಡುತ್ತಿದ್ದರು ಅಂತ ಕೇಳಬೇಡಿ, ಉಗುಳು ಇತ್ತಲ್ಲ.

ಮಾಸ್ಟ್ರಿಗೆ ಜ್ವರ ಬಂದರೆ ಶಾಲೆಗೆ ರಜೆ. ಎಷ್ಟೋ ಊರಲ್ಲಿ ಅವರೇ ಪೋಸ್ಟ್ ಮಾಸ್ಟ್ರು ಕೂಡ, ರಾತ್ರಿ ತಾಳಮದ್ದಳೆಯಲ್ಲಿ, ಅಂದ್ರೆ ವೇಷ ಕುಣಿತ ಇಲ್ಲದ ಯಕ್ಷಗಾನದಲ್ಲಿ, ಕೂತು ಅರ್ಥವನ್ನೂ ಹೇಳುತ್ತಿದ್ದರು. ಮರುದಿನ ಬೆಳಿಗ್ಗೆ ಪಾಠ ಎಷ್ಟು ನಡೆಯುತ್ತಿತ್ತು ಅನ್ನುವುದನ್ನು ಯಾವ ಸಂಚಿಕೆಯೂ ಬರೆಯುವುದಿಲ್ಲ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಬಂದ ಮೇಲೆ ಪ್ರತಿ ಶಾಲೆಗೂ ಕಡಿಮೆ ಅಂದ್ರೂ ಎರಡು ಕೋಣೆ, ಇಬ್ಬರು ಟೀಚರು ಅಂತ ಲೆಕ್ಕವಾಯಿತು. ಒಳ್ಳೆಯದೇ ಆಯಿತು.

ನನ್ನ ಪ್ರಕಾರ ಫೋಟೋಗಿಂತ ಮೊದಲು ಉಳಿಸಬೇಕಾದ್ದು ದಾಖಲಾತಿ ಪುಸ್ತಕ. ಉದ್ದದ, ಬೈಂಡ್ ಬಿಚ್ಚಿದ ಪುಸ್ತಕ, ಮುಚ್ಚಿದ ಶಾಲೆಯದಾದರೆ ಪಕ್ಕದ ಶಾಲೆಯ ಕಪಾಟಿನಲ್ಲಿ ಗೆದ್ದಲಿಗೆ ಕಾಯುತ್ತಾ ಇರುತ್ತದೆ. ಸಂಬಂಧಿಯೊಬ್ಬರ ಜನನ ದಿನಾಂಕ ಹುಡುಕಲು ಹೋಗಿ ಅಂಥದ್ದೊಂದನ್ನು ನೋಡಿದ್ದೇನೆ. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದ್ದು, ಅಂದ್ರೆ 1956ಕ್ಕೂ ಹಿಂದಿನದು. ಹುಟ್ಟಿದ ತಾರೀಕಿನ ಸಾಲಿನಲ್ಲಿ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ, ಅದು ಮಾಸ್ಟ್ರ ಕೃಪೆ. ಕೊನೆಯ ಕಾಲಂ "ಬಿಟ್ಟ ಕಾರಣ". ಗಂಡುಮಕ್ಕಳ ಎದುರು "ಬೊಂಬಾಯಿ" ಅಂತ ಒಂದೇ ಮಾತು, ಸಾಲಾಗಿ. ಹೆಣ್ಣುಮಕ್ಕಳ ಎದುರು "ಮನೆಕೆಲಸ". ಒಂದು ಕಡೆ "ದನ ಕಾಯಲು" ಅಂತಿತ್ತು, ಅದನ್ನು ಹೊಡೆದು ಹಾಕಿ ಅದೇ ಶಾಯಿಯಲ್ಲಿ "ಪುನಃ ಬಂದನು" ಅಂತ ಬರೆದಿದ್ದರು. ಅವನು ಹೇಗೆ ವಾಪಸ್ ಬಂದ, ಮಾಸ್ಟ್ರೇ ಹೋಗಿ ಕರೆದುಕೊಂಡು ಬಂದರೋ? ಆ ಊರಲ್ಲಿ ಯಾರಾದರೂ ಬಲ್ಲವರು ಇದ್ದರೆ ಈಗಲೇ ಕೇಳಬೇಕು.

ಕೇಳುವಾಗ ಇಬ್ಬರನ್ನು ಒಟ್ಟಿಗೆ ಕೂರಿಸಿ, ಅದು ನನ್ನ ಸಲಹೆ. ಒಬ್ಬರೇ ಆದರೆ ಭಾಷಣ ಮಾಡುತ್ತಾರೆ, ಇಬ್ಬರಾದರೆ ಜಗಳ ಮಾಡುತ್ತಾರೆ, ಜಗಳದಲ್ಲೇ ಮಾಹಿತಿ ಇರುವುದು. ಅಮೆರಿಕದ ಕೇರ್ ಎಂಬ ನೆರವು ಸಂಸ್ಥೆಯ ಹಿಟ್ಟಿನಲ್ಲಿ ಶಾಲೆಯಲ್ಲಿ ಮಾಡುತ್ತಿದ್ದ ಸಜ್ಜಿಗೆಯ, ಅಂದ್ರೆ ಉಪ್ಪಿಟ್ಟಿನ, ಮಾತು ತೆಗೆದು ನೋಡಿ. ನನ್ನ ದೊಡ್ಡಪ್ಪ ಅದು ಹಳದಿ ಅನ್ನುತ್ತಾರೆ, ಅವರ ಜೊತೆಗೇ ಓದಿದ ಪಕ್ಕದ ಮನೆಯವರು "ಎಂಥ ಹಳದಿ ಮಾರಾಯ್ರೆ, ನೀವು ಶಾಲೆಗೆ ಬಂದದ್ದಾದರೂ ಯಾವಾಗ?" ಅನ್ನುತ್ತಾರೆ.