ಅಣ್ಣಾವ್ರು ಕಾರಿನಿಂದ ಇಳಿಯುತ್ತಿದ್ದಾರೆ

ನಮ್ಮ ಹುಬ್ಬಳ್ಳಿಯ ಲೀಡರ್ ಅಣ್ಣಾವ್ರ ಹುಟ್ಟುಹಬ್ಬದ ವಿಡಿಯೋ ಹಾಡು ನೀವೂ ನೋಡಿರುತ್ತೀರಿ. ನೋಡಿಲ್ಲ ಅಂದರೂ ಕೇಳಿರುತ್ತೀರಿ, ಯಾಕಂದ್ರೆ ಒಂದು ವಾರದಿಂದ ಎಲ್‌ಇಡಿ ಪರದೆಯ ಗಾಡಿಯೊಂದು ದುರ್ಗದಬೈಲಿನಿಂದ ಹಿಡಿದು ನಮ್ಮ ಓಣಿಯ ತುದಿವರೆಗೆ ಅದನ್ನೇ ಹಾಕಿಕೊಂಡು ಸುತ್ತುತ್ತಿದೆ. ನಾನು ಹದಿನಾಲ್ಕು ಸಲ ನೋಡಿದೆ. ಅದರಲ್ಲಿ ಆರು ಸಲ ಗಾಡಿ ದಾರಿ ಬಿಡಲಿಲ್ಲ ಅಂತ ನೋಡಿದ್ದು.

ಕಥೆ ಇಷ್ಟೇ. ಅಣ್ಣಾವ್ರು ಕಾರಿನಿಂದ ಇಳಿಯುತ್ತಾರೆ. ಮೊದಲು ಬಿಳಿ ಬೂಟು ಕಾಣುತ್ತದೆ. ಪಲ್ಲವಿ ಮುಗಿಯುವ ಹೊತ್ತಿಗೆ ಮೊಣಕಾಲು ಬಂದಿರುತ್ತದೆ. ಚರಣಕ್ಕೆ ಕೈಗಡಗ, ಆಮೇಲೆ ಕಪ್ಪು ಕನ್ನಡಕ. ಹಾಡು ಮುಗಿದರೂ ಒಂದು ಕಾಲು ಇನ್ನೂ ಕಾರಿನಲ್ಲೇ ಇದೆ ಅಂತ ನನ್ನ ಅನುಮಾನ.

ನಮ್ಮ ಅಣ್ಣನ ಮಗ ಮದುವೆ ವಿಡಿಯೋ ಮಾಡುವವನು. ಅವನನ್ನೇ ಕೇಳಿದೆ. "ಕಾಕಾ, ಸೆಕೆಂಡಿಗೆ 120 ಫ್ರೇಮ್ ತಗದು 24ರಾಗ ಓಡಿಸಿದ್ರ ಒಂದ್ ಸೆಕೆಂಡ್ ಐದ್ ಸೆಕೆಂಡ್ ಆಗ್ತೈತಿ. ನಿಧಾನ ಆದಷ್ಟು ತೂಕ ಬರ್ತೈತಿ" ಅಂದ. ಆಗ ಹೊಳೆಯಿತು ನೋಡಿ, ಚನ್ನಮ್ಮ ಸರ್ಕಲ್ಲಿನ ಮೇಲ್ಸೇತುವೆ ಕೆಲಸವನ್ನೂ ಯಾರೋ ಇದೇ ಲೆಕ್ಕದಲ್ಲಿ ಓಡಿಸಿರಬೇಕು. ನಾವು ಸುಮ್ನೆ ಬೈದೆವು. ಅದು ಸ್ಲೋ ಮೋಷನ್ ಅಂತೆ, ತೂಕಕ್ಕೆ.

ಇನ್ನು ಲೋ ಆಂಗಲ್. ಕ್ಯಾಮೆರಾ ನೆಲಕ್ಕೆ ಹತ್ತಿಸಿ ಮೇಲಕ್ಕೆ ನೋಡಿದರೆ ಐದಡಿ ಮನುಷ್ಯನೂ ಗೋಪುರ ಆಗುತ್ತಾನೆ. 1941ರ ತನ್ನ 'ಸಿಟಿಜನ್ ಕೇನ್' ಸಿನಿಮಾಕ್ಕೆ ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ ಇಂಥ ಶಾಟಿಗಾಗಿ ಸ್ಟುಡಿಯೋದ ನೆಲ ಅಗೆಸಿ ಕ್ಯಾಮೆರಾವನ್ನು ಗುಂಡಿಗೆ ಇಳಿಸಿದ್ದನಂತೆ. ಪಾಪ, ಹುಬ್ಬಳ್ಳಿಗೆ ಬಂದಿದ್ದರೆ ಆ ಖರ್ಚು ಉಳಿಯುತ್ತಿತ್ತು. ನಮ್ಮಲ್ಲಿ ಗುಂಡಿ ರೆಡಿ ಇರುತ್ತವೆ, ಬೇಕಾದ ಆಳದಲ್ಲಿ. ಮೇಲಾಗಿ ಈ ಆಂಗಲ್ಲಿನಲ್ಲಿ ಅಣ್ಣಾವ್ರು ಮತ್ತು ಆಕಾಶ ಬಿಟ್ಟರೆ ಏನೂ ಕಾಣುವುದಿಲ್ಲ. ರಸ್ತೆಯಂತೂ ಕಾಣುವುದೇ ಇಲ್ಲ.

ಹೊಗೆ ಮಷಿನ್ನಿನ ಬಾಡಿಗೆಯೂ ಉಳಿದಿದೆ. ಪೈಪ್‌ಲೈನಿಗೆ ಅಗೆದು ಬಿಟ್ಟ ರಸ್ತೆಯ ಧೂಳಿಗೆ ಸಂಜೆ ಬಿಸಿಲು ಹಿಂದಿನಿಂದ ಬಿದ್ದರೆ ಸಾಕು, ಎಂಥವನೂ ಅವತಾರ ಪುರುಷ. ಡ್ರೋನ್ ಶಾಟಿನಲ್ಲಿ ಉಣಕಲ್ ಕೆರೆಯ ಅಂತರಗಂಗೆ ಕಳೆ ಹುಲ್ಲುಹಾಸಿನಂತೆ ಹೊಳೆಯುತ್ತದೆ. ಎಡಿಟರ್ ಕಲರ್ ಗ್ರೇಡಿಂಗ್ ಅಂತ ಅದಕ್ಕೆ ಇನ್ನಷ್ಟು ಹಸಿರು ಹಚ್ಚಿದ್ದಾನೆ. ವಾಸನೆಗೆ ಗ್ರೇಡಿಂಗ್ ಇನ್ನೂ ಬಂದಿಲ್ಲ, ಅದು ಅಣ್ಣಾವ್ರ ಪುಣ್ಯ.

ಈ ಗದ್ದಲದ ನಡುವೆ ಒಂದು ರಾತ್ರಿ ಗಂಗೂಬಾಯಿ ಹಾನಗಲ್ ಅವರ ಹಳೇ ರೆಕಾರ್ಡಿಂಗ್ ಹಾಕಿಕೊಂಡು ಕೂತಿದ್ದೆ. ಇದೇ ಹುಬ್ಬಳ್ಳಿಯವರು. ಹಿಂದೆ ಒಂದು ಪರದೆ, ತಂಬೂರಿ, ಪಕ್ಕದಲ್ಲಿ ಮಗಳು ಕೃಷ್ಣಾ. ಕ್ಯಾಮೆರಾ ಹೆಚ್ಚುಕಮ್ಮಿ ಇಟ್ಟಲ್ಲೇ ಇದೆ. ಸೀರೆಯ ಸೆರಗು ಸರಿಮಾಡಿಕೊಂಡು, ಒಂದು ಕೈ ಕಿವಿಗೆ ಹಚ್ಚಿ ಆ ಗಂಡುದನಿ ತೆಗೆದರು ನೋಡಿ, ನನ್ನ ಮೊಬೈಲಿನ ಸಣ್ಣ ಸ್ಪೀಕರ್ ಅದುರಿತು. ಹುಡುಗ ಹಿಂದಿನಿಂದ ಇಣುಕಿದ. "ಶಾಟ್ ಭಾಳ ಲಾಂಗ್ ಆತು ಕಾಕಾ, ಎರಡ್ ಸೆಕೆಂಡಿಗೊಂದ್ ಕಟ್ ಬೇಕಿತ್ತು." ನಾನು ಏನೂ ಅನ್ನಲಿಲ್ಲ. ಅವನ ಹೊಟ್ಟೆಪಾಡು ಆ ಕಟ್‌ಗಳಲ್ಲೇ ಇದೆ.

ಇಷ್ಟೆಲ್ಲ ಸಹಿಸಿಕೊಳ್ಳಬಹುದಿತ್ತು, ಮಳೆ ಒಂದು ಬರದೇ ಇದ್ದಿದ್ದರೆ. ಹಾಡಿನ ಕೊನೆಗೆ ಅಣ್ಣಾವ್ರು ರಾತ್ರಿ ಮಳೆಯಲ್ಲಿ ನಡೆದು ಬರುತ್ತಾರೆ, ಹಿಂದಿನಿಂದ ಹೆಡ್‌ಲೈಟು, ಒಂದೊಂದು ಹನಿಯೂ ಮುತ್ತಿನಂತೆ ಕಾಣುತ್ತದೆ. ಬೇಸಿಗೆಯಲ್ಲಿ ಮಳೆ ಎಲ್ಲಿಂದ ಬಂತು? ಟ್ಯಾಂಕರಿನಿಂದ. ಎರಡು ಟ್ಯಾಂಕರ್. ಹುಡುಗನೇ ಹೇಳಿದ, ಶೂಟಿಂಗಿಗೆ ಅವನೂ ಹೋಗಿದ್ದ. ಅದೇ ಹೊತ್ತಿಗೆ ನಮ್ಮ ಓಣಿಗೆ ಒಂಬತ್ತು ದಿನ ನೀರಿಲ್ಲ. ಟ್ಯಾಂಕರಿಗೆ ಫೋನ್ ಮಾಡಿದರೆ "ಗಾಡಿ ಖಾಲಿ ಇಲ್ರಿ" ಅಂದರು. ಹಿಂದಿನ ಮನೆಯ ಅಜ್ಜಿ ಎರಡು ಕೊಡ ಹಿಡಿದು ಮೂರು ಓಣಿ ದಾಟಿ ಹೋಗಿ ಬಂದಳು, ಎಪ್ಪತ್ತರ ಮೇಲಿನ ಜೀವ. ಒಬ್ಬ ಮನುಷ್ಯ ಗತ್ತಿನಿಂದ ನೆನೆಯಲಿ ಅಂತ ಕುಡಿಯುವ ನೀರನ್ನು ಡಾಂಬರಿನ ಮೇಲೆ ಸುರಿದರು. ಇದರ ಮೇಲೆ ತಮಾಷೆ ಮಾಡಲು ನನಗೆ ಬರುತ್ತಿಲ್ಲ, ಬೇಸರ ಬಂದಿದೆ.

ಹತ್ತನೇ ದಿನ ನಡುರಾತ್ರಿ ಎರಡಕ್ಕೆ ನಲ್ಲಿ ಬಂತು. ನನ್ನ ಹೆಂಡತಿ ಸೆರಗು ಸಿಕ್ಕಿಸಿ ಕೊಡ ಇಟ್ಟು ಕೂತಳು. ನೂಲಿನಷ್ಟು ಧಾರೆ. ಹುಡುಗ ನಿದ್ದೆಗಣ್ಣಲ್ಲೇ ಮೊಬೈಲ್ ತಗೊಂಡು ನೆಲಕ್ಕೆ ಬಗ್ಗಿದ.

"ಕಾಕು, ಕೊಡ ಒಮ್ಮೆ ನಿಧಾನಕ ಎತ್ತ. ಸ್ಲೋ ಮೋಷನ್ ಮಸ್ತ್ ಬರ್ತೈತಿ."

"ನೀರs ಸ್ಲೋ ಮೋಷನ್ನಾಗ ಬರಾಕತ್ತೈತಿ. ಆ ಫೋನ್ ಇಟ್ಟು ಇನ್ನೊಂದ್ ಕೊಡಾ ತಗೊಂಡ್ ಬಾ" ಅಂದಳು.